ದರ್ಜೆಯ ಕೆಳಗಿನ ಸಾಲುಗಳು: ಕ್ರೈಮ್‌ಸೊಲ್ಯೂಷನ್ಸ್ ಸೇವೆಯನ್ನು ಬಳಸಿ ನೋಡಿದ ಮೇಲೆ

ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ನಡೆಸುವ ಕ್ರೈಮ್‌ಸೊಲ್ಯೂಷನ್ಸ್ ಎಂಬ ಉಚಿತ ಸೇವೆಯಲ್ಲಿ ನಾನು ಮೊದಲು ತೆರೆದು ಓದಿದ್ದು 'ಡೇರ್' ಕಾರ್ಯಕ್ರಮದ ಪುಟ. ಪೊಲೀಸರು ಸಮವಸ್ತ್ರದಲ್ಲೇ ಶಾಲೆಗೆ ಬಂದು, ಐದು-ಆರನೆಯ ತರಗತಿಯ ಮಕ್ಕಳಿಗೆ ಮಾದಕ ವಸ್ತುಗಳಿಂದ ದೂರ ಇರುವುದು ಹೇಗೆಂದು ಪಾಠ ಹೇಳುವ ಈ ಕಾರ್ಯಕ್ರಮ 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಗಿ ದೇಶದ ಉದ್ದಗಲಕ್ಕೂ ಹರಡಿತ್ತು. ಹೆತ್ತವರು ಮೆಚ್ಚಿದ್ದರು, ಶಿಕ್ಷಕರು ಒಪ್ಪಿದ್ದರು, ಪೊಲೀಸ್ ಇಲಾಖೆಗಂತೂ ಅದು ಹೆಮ್ಮೆಯ ವಿಷಯವಾಗಿತ್ತು. ಆ ಪುಟದ ನೆತ್ತಿಯ ಮೇಲಿರುವ ದರ್ಜೆ ಮಾತ್ರ 'ಪರಿಣಾಮವಿಲ್ಲ' ಎನ್ನುತ್ತದೆ. ಪಾಠ ಕೇಳಿದ ಮಕ್ಕಳನ್ನೂ ಕೇಳದ ಮಕ್ಕಳನ್ನೂ ಹೋಲಿಸಿ ನೋಡಿದಾಗ, ಮಾದಕ ವಸ್ತುಗಳ ಬಳಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಂಡುಬರಲಿಲ್ಲ ಎಂಬುದು ಅದರ ಸಾರ.

ಅದೇ ಪುಟದ ಶೀರ್ಷಿಕೆಯಲ್ಲಿ, ಕಾರ್ಯಕ್ರಮದ ಹೆಸರಿನ ಪಕ್ಕದಲ್ಲಿ, 1983–2009 ಎಂದು ವರ್ಷಗಳನ್ನು ನಮೂದಿಸಿರುವುದನ್ನು ನಾನು ಮೊದಲ ಓದಿನಲ್ಲಿ ಗಮನಿಸಲೇ ಇಲ್ಲ. 2009ರಲ್ಲಿ ಡೇರ್ ನಡೆಸುವ ಸಂಸ್ಥೆ ಹಳೆಯ ಪಠ್ಯಕ್ರಮವನ್ನು ಕೈಬಿಟ್ಟು ಬೇರೊಂದನ್ನು ತೆಗೆದುಕೊಂಡಿತು. ಆದ್ದರಿಂದ ಮೇಲಿನ ದರ್ಜೆ ಸಲ್ಲುವುದು ಹಳೆಯ ಪಠ್ಯಕ್ರಮಕ್ಕೆ ಮಾತ್ರ. ಅದೇ ಹೆಸರಿನಲ್ಲಿ ಆಮೇಲೆ ನಡೆದದ್ದರ ಬಗ್ಗೆ ಈ ಪುಟ ಏನನ್ನೂ ಹೇಳುತ್ತಿಲ್ಲ. ಅಷ್ಟು ಚಿಕ್ಕ ಅಕ್ಷರಗಳಲ್ಲಿ ಅಷ್ಟು ದೊಡ್ಡ ಷರತ್ತನ್ನು ಇಟ್ಟಿರುವುದನ್ನು ಪ್ರಾಮಾಣಿಕತೆ ಎನ್ನಬೇಕೋ ಜಿಪುಣತನ ಎನ್ನಬೇಕೋ ಎಂದು ಈಗಲೂ ನನಗೆ ಅನುಮಾನವಿದೆ. ಈ ಸೇವೆಯ ಬಗೆಗಿನ ನನ್ನ ಮೆಚ್ಚುಗೆ ಮತ್ತು ತಕರಾರು ಎರಡೂ ಆ ಒಂದು ಪುಟದಲ್ಲೇ ಅಡಗಿವೆ.

ಈ ಸೇವೆಯನ್ನು ನಡೆಸುವ ಸಂಸ್ಥೆಯ ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ, 1968ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದ ಅದು ಇಂದು ಅಮೆರಿಕದ ನ್ಯಾಯ ಇಲಾಖೆಯ ಸಂಶೋಧನಾ ಅಂಗವಾಗಿದೆ. ಪೊಲೀಸ್ ಗಸ್ತಿನಿಂದ ಹಿಡಿದು ವಿಧಿವಿಜ್ಞಾನ ಪ್ರಯೋಗಾಲಯದವರೆಗೆ, ಪ್ರೊಬೇಷನ್‌ನಿಂದ (ಜೈಲಿಗೆ ಕಳಿಸದೆ ನಿಗಾದಲ್ಲಿ ಹೊರಗೆ ಬಿಡುವ ಕ್ರಮ) ಹಿಡಿದು ಜೈಲಿನವರೆಗೆ, ಏನು ಕೆಲಸ ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಪರೀಕ್ಷಿಸುವವರಿಗೆ ಅದು ಅನುದಾನ ಕೊಡುತ್ತದೆ. ಹೀಗೆ ದಶಕಗಳಿಂದ ರಾಶಿಬಿದ್ದ ಅಧ್ಯಯನಗಳನ್ನು ಠಾಣೆಯ ಅಧಿಕಾರಿಯೊಬ್ಬರು ಅಥವಾ ನಗರಸಭೆಯ ಸದಸ್ಯರೊಬ್ಬರು ಕೂತು ಓದುವುದು ಆಗದ ಮಾತು. ಆ ರಾಶಿಯನ್ನು ಜರಡಿ ಹಿಡಿದು ಒಂದೊಂದು ಕಾರ್ಯಕ್ರಮಕ್ಕೂ ಒಂದೊಂದು ಪುಟ ಬರೆದು ಮೇಲೆ ಒಂದು ದರ್ಜೆ ಹಚ್ಚುವ ಉದ್ದೇಶದಿಂದ 2011ರ ಜೂನ್‌ನಲ್ಲಿ ಕ್ರೈಮ್‌ಸೊಲ್ಯೂಷನ್ಸ್ ಬಳಕೆಗೆ ಬಂದಿತು.

ದರ್ಜೆ ಕೊಡುವ ಕ್ರಮ ಹೀಗಿದೆ. ಒಂದು ಕಾರ್ಯಕ್ರಮದ ಮೇಲೆ ನಡೆದ ಅಧ್ಯಯನಗಳಲ್ಲಿ ಅತ್ಯಂತ ಬಿಗಿಯಾದವನ್ನು, ಹೆಚ್ಚೆಂದರೆ ಮೂರನ್ನು, ಆರಿಸಲಾಗುತ್ತದೆ. ತರಬೇತಿ ಪಡೆದ ಕನಿಷ್ಠ ಇಬ್ಬರು ವಿಮರ್ಶಕರು ಅವನ್ನು ಪ್ರತ್ಯೇಕವಾಗಿ ಓದಿ ಅಂಕ ಹಾಕುತ್ತಾರೆ. ಪ್ರಯೋಗದ ವಿನ್ಯಾಸ ಎಷ್ಟು ಗಟ್ಟಿ, ಹೋಲಿಕೆಗೆ ಬೇರೊಂದು ಗುಂಪು ಇತ್ತೇ, ಕಾರ್ಯಕ್ರಮವನ್ನು ಅಂದುಕೊಂಡ ಹಾಗೆಯೇ ನಡೆಸಿದರೇ, ಫಲಿತಾಂಶ ಎತ್ತ ವಾಲಿತು ಎಂಬುದನ್ನೆಲ್ಲ ಅವರು ನೋಡಬೇಕು. ಆರಂಭದಿಂದ ಬಂದ ಮೂರು ಮುಖ್ಯ ದರ್ಜೆಗಳೆಂದರೆ 'ಪರಿಣಾಮಕಾರಿ', 'ಭರವಸೆದಾಯಕ' ಮತ್ತು 'ಪರಿಣಾಮವಿಲ್ಲ'. ದರ್ಜೆಯ ಪಕ್ಕದಲ್ಲಿ ಅದು ಒಂದೇ ಅಧ್ಯಯನದ ಮೇಲೆ ನಿಂತಿದೆಯೋ ಒಂದಕ್ಕಿಂತ ಹೆಚ್ಚಿನವುಗಳ ಮೇಲೆ ನಿಂತಿದೆಯೋ ಎಂದು ತಿಳಿಸುವ ಗುರುತು ಇರುತ್ತದೆ. ಇದಲ್ಲದೆ, ಒಂದು ಊರಿನ ಒಂದು ಕಾರ್ಯಕ್ರಮಕ್ಕೆ ಸೀಮಿತವಾಗದೆ, ಒಂದೇ ಬಗೆಯ ಹಲವು ಪ್ರಯತ್ನಗಳನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದ ಅಧ್ಯಯನಗಳಿಗೆ 'ಪದ್ಧತಿ' ಎಂಬ ಬೇರೆ ವಿಭಾಗವಿದೆ. ಹೊಸಬರು ಈ ಎರಡು ವಿಭಾಗಗಳನ್ನು ಕಲಸಿಬಿಡುತ್ತಾರೆ. ನಾನೂ ಮೊದಮೊದಲು ಕಲಸಿಕೊಂಡಿದ್ದೆ.

ಈ ಸೇವೆಯ ನಿಜವಾದ ಬೆಲೆ ಇರುವುದು 'ಪರಿಣಾಮವಿಲ್ಲ' ಎಂಬ ಕಪಾಟಿನಲ್ಲಿ. ಒಳ್ಳೆಯದೆಂದು ಶಿಫಾರಸು ಮಾಡುವವರಿಗೆ ಎಲ್ಲಿಯೂ ಬರವಿಲ್ಲ. ಕ್ಯಾಮೆರಾ ಮಾರುವವರು, ತಂತ್ರಾಂಶ ಮಾರುವವರು, ತರಬೇತಿ ಶಿಬಿರ ನಡೆಸುವವರು ಎಲ್ಲರ ಬಳಿಯೂ ಯಶಸ್ಸಿನ ಕಥೆಗಳಿರುತ್ತವೆ. ಸರ್ಕಾರದ್ದೇ ಒಂದು ಸಂಸ್ಥೆ, ಜನಪ್ರಿಯವಾದ, ರಾಜಕೀಯವಾಗಿ ಯಾರಿಗೂ ಬೇಡವೆನಿಸದ ಕಾರ್ಯಕ್ರಮವೊಂದರ ಹೆಸರು ಹಿಡಿದು, ಇದರಿಂದ ಪ್ರಯೋಜನ ಕಾಣಲಿಲ್ಲ ಎಂದು ಬರೆದಿಡುವುದು ಅಪರೂಪ. 'ಸ್ಕೇರ್ಡ್ ಸ್ಟ್ರೇಟ್' ಎಂದು ಹೆಸರಾದ ಪದ್ಧತಿಯನ್ನೇ ನೋಡಿ. ದಾರಿ ತಪ್ಪುತ್ತಿರುವ ಹುಡುಗರನ್ನು ಜೈಲಿಗೆ ಕರೆದೊಯ್ದು, ದೀರ್ಘ ಶಿಕ್ಷೆ ಅನುಭವಿಸುತ್ತಿರುವ ಕೈದಿಗಳಿಂದ ಬೈಸಿ, ಹೆದರಿಸಿ ಕಳಿಸಿದರೆ ಅವರು ಸರಿಹೋಗುತ್ತಾರೆ ಎಂಬುದು ಅದರ ತರ್ಕ. ಕೇಳಿದವರಿಗೆ ಥಟ್ಟನೆ ಒಪ್ಪಿಗೆಯಾಗುವ ತರ್ಕವೂ ಹೌದು. 'ದಂಡಂ ದಶಗುಣಂ' ಎಂದು ನಾವೂ ಹೇಳಿಕೊಂಡೇ ಬೆಳೆದವರು. ಆದರೆ 1967ರಿಂದ 1992ರವರೆಗಿನ ಒಂಬತ್ತು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ವಿಮರ್ಶೆಯಲ್ಲಿ, ಜೈಲಿಗೆ ಹೋಗಿ ಬಂದ ಹುಡುಗರು ಹೋಗದವರಿಗಿಂತ ಹೆಚ್ಚಾಗಿ ಅಪರಾಧಕ್ಕೆ ಇಳಿದದ್ದು ಕಂಡುಬಂದಿತು. ಪರಿಣಾಮವಿಲ್ಲ ಎನ್ನುವುದಕ್ಕಿಂತ ಕೆಟ್ಟ ಪರಿಣಾಮವಿದೆ ಎನ್ನಬೇಕಾದ ಸಂಗತಿ ಇದು. ದುಡ್ಡು ಪೋಲಾಯಿತು ಎಂಬುದಕ್ಕೂ ಮಕ್ಕಳಿಗೆ ಹಾನಿಯಾಯಿತು ಎಂಬುದಕ್ಕೂ ಒಂದೇ ಚೀಟಿ ಅಂಟಿಸಿದರೆ ಓದುಗನಿಗೆ ಮೋಸವಾಗುತ್ತದೆ.

ಒಂದೇ ಅಧ್ಯಯನದ ಮೇಲೆ ನಿಂತ ದರ್ಜೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಗೆ, ಈ ಸೇವೆ ಹುಟ್ಟುವುದಕ್ಕೆ ಬಹಳ ಹಿಂದೆಯೇ ಇದೇ ಸಂಸ್ಥೆಯ ಅನುದಾನದಲ್ಲಿ ನಡೆದ ಒಂದು ಪ್ರಯೋಗ ಉತ್ತರ ಕೊಟ್ಟಿದೆ. 1981–82ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಲಾರೆನ್ಸ್ ಶರ್ಮನ್ ಮತ್ತು ರಿಚರ್ಡ್ ಬರ್ಕ್ ಎಂಬ ಸಂಶೋಧಕರು ಮನೆಯೊಳಗಿನ ಹಿಂಸೆಯ ಪ್ರಕರಣಗಳಲ್ಲಿ ಪೊಲೀಸರು ಏನು ಮಾಡಬೇಕೆಂಬುದನ್ನು ಚೀಟಿ ಎತ್ತಿದಂತೆ ಹಂಚಿದರು: ಕೆಲವು ಕಡೆ ಬಂಧನ, ಕೆಲವು ಕಡೆ ಬುದ್ಧಿಮಾತು, ಕೆಲವು ಕಡೆ ಆರೋಪಿಯನ್ನು ಕೆಲವು ಗಂಟೆ ಮನೆಯಿಂದ ಹೊರಗೆ ಕಳಿಸುವುದು. ಆರು ತಿಂಗಳ ಪೊಲೀಸ್ ದಾಖಲೆ ನೋಡಿದಾಗ, ಬಂಧಿತರಲ್ಲಿ ಶೇ. 10ರಷ್ಟು ಮಂದಿ ಮತ್ತೆ ಹಿಂಸೆಗಿಳಿದಿದ್ದರೆ, ಬುದ್ಧಿಮಾತು ಕೇಳಿದವರಲ್ಲಿ ಅದು ಶೇ. 19, ಹೊರಗೆ ಕಳಿಸಲ್ಪಟ್ಟವರಲ್ಲಿ ಶೇ. 24 ಇತ್ತು. 1984ರಲ್ಲಿ ಫಲಿತಾಂಶ ಪ್ರಕಟವಾದ ಮೇಲೆ ಇಂಥ ಪ್ರಕರಣಗಳಲ್ಲಿ ಬಂಧನವನ್ನೇ ಮುಂದಿಡುವ ನೀತಿ ರಾಜ್ಯದಿಂದ ರಾಜ್ಯಕ್ಕೆ ಹಬ್ಬಿತು. ಆಮೇಲೆ ಅದೇ ಸಂಸ್ಥೆ ಒಮಾಹಾ, ಶಾರ್ಲಟ್, ಮಿಲ್ವಾಕಿ, ಕೊಲೊರಾಡೊ ಸ್ಪ್ರಿಂಗ್ಸ್ ಮತ್ತು ಮಯಾಮಿ ಸೀಮೆಯಲ್ಲಿ ಪ್ರಯೋಗವನ್ನು ಮರಳಿ ಮಾಡಿಸಿದಾಗ ಚಿತ್ರ ಕದಡಿಹೋಯಿತು. ಕೆಲವೆಡೆ ಬಂಧನದಿಂದ ಹಿಂಸೆ ತಗ್ಗಿತು, ಕೆಲವೆಡೆ ಕಾಲ ಕಳೆದಂತೆ ಹೆಚ್ಚಿತು. ಮಿಲ್ವಾಕಿಯಲ್ಲಿ ಉದ್ಯೋಗವಿದ್ದವರು ಬಂಧನಕ್ಕೆ ಅಂಜಿದರೆ, ನಿರುದ್ಯೋಗಿಗಳು ಬಂಧನದ ನಂತರ ಇನ್ನಷ್ಟು ಕೆರಳಿದ್ದು ಕಂಡಿತು. ಮೊದಲ ಪ್ರಯೋಗ ತಪ್ಪಾಗಿರಲಿಲ್ಲ. ಅದು ಆ ಊರಿನ, ಆ ವರ್ಷದ, ಆ ಜನರ ಬಗ್ಗೆ ಕೊಟ್ಟ ಉತ್ತರವಾಗಿತ್ತು.

ಈ ಕಥೆ ಗೊತ್ತಿದ್ದೂ ನಾನೇ ಒಮ್ಮೆ ಎಡವಿದ್ದೇನೆ. ಹವಾಯಿಯಲ್ಲಿ ನ್ಯಾಯಾಧೀಶ ಸ್ಟೀವನ್ ಆಲ್ಮ್ 2004ರಲ್ಲಿ ಆರಂಭಿಸಿದ 'ಹೋಪ್' ಎಂಬ ಪ್ರೊಬೇಷನ್ ಕ್ರಮದ ಬಗ್ಗೆ ಟಿಪ್ಪಣಿ ಬರೆಯುವ ಕೆಲಸ ನನಗೆ ಬಂದಿತ್ತು. ಪ್ರೊಬೇಷನ್ ಮೇಲಿರುವವರು ಮಾದಕ ವಸ್ತುವಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ತಿಂಗಳುಗಟ್ಟಲೆ ಕಾಯಿಸಿ ದೊಡ್ಡ ಶಿಕ್ಷೆ ಕೊಡುವ ಬದಲು, ಕೂಡಲೇ, ತಪ್ಪದೆ, ಕೆಲವೇ ದಿನಗಳ ಜೈಲುವಾಸ ಕೊಡುವುದು ಅದರ ತಿರುಳು. ಹವಾಯಿಯ ಪ್ರಯೋಗದಲ್ಲಿ, ಈ ಕ್ರಮಕ್ಕೆ ಒಳಪಟ್ಟವರು ಉಳಿದವರಿಗಿಂತ ಹೊಸ ಅಪರಾಧಕ್ಕಾಗಿ ಬಂಧಿತರಾಗುವ ಸಾಧ್ಯತೆ ಶೇ. 55ರಷ್ಟು, ಮಾದಕ ವಸ್ತು ಬಳಸುವ ಸಾಧ್ಯತೆ ಶೇ. 72ರಷ್ಟು ಕಡಿಮೆಯಾಗಿತ್ತು. ಅಂಕಿಗಳ ಹೊಳಪಿಗೆ ಮರುಳಾಗಿ ನಾನು 'ಸಾಬೀತಾದ ಕ್ರಮ' ಎಂದು ಬರೆದುಬಿಟ್ಟೆ. ಕರಡು ಓದಿದ ಹಿರಿಯ ಸಹೋದ್ಯೋಗಿಯೊಬ್ಬರು ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದೇ ಮಾತು ಗೀಚಿ ಕಳಿಸಿದರು: 'ಎಲ್ಲಿ ಸಾಬೀತಾಯಿತು ಮಾರಾಯರೆ?' ಹುಡುಕಿದಾಗ ಸಿಕ್ಕಿದ್ದು ಅರ್ಕನ್ಸಾ, ಮ್ಯಾಸಚೂಸೆಟ್ಸ್, ಒರೆಗಾನ್ ಮತ್ತು ಟೆಕ್ಸಸ್‌ಗಳಲ್ಲಿ, 1,500ಕ್ಕೂ ಹೆಚ್ಚು ಜನರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ. ಅಲ್ಲಿ ಅದೇ ಕ್ರಮವನ್ನು ಸಾಕಷ್ಟು ನಿಷ್ಠೆಯಿಂದಲೇ ನಡೆಸಿದರೂ ಮರು ಬಂಧನದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಟಿಪ್ಪಣಿಯನ್ನು ಮೊದಲಿನಿಂದ ಬರೆಯಬೇಕಾಯಿತು. ಆ ತಪ್ಪು ನನ್ನದೇ. ಅಂದಿನಿಂದ ಯಾವ ಪುಟ ತೆರೆದರೂ ದರ್ಜೆಯನ್ನು ಕೈಯಿಂದ ಮುಚ್ಚಿಕೊಂಡು, ಮೊದಲು ಕೆಳಗಿನ ವಿಧಾನದ ಭಾಗವನ್ನು ಓದುತ್ತೇನೆ. ನೋಡಿದವರಿಗೆ ನಗು ಬರಬಹುದು, ಆದರೆ ಅಭ್ಯಾಸ ಉಪಯೋಗಕ್ಕೆ ಬಂದಿದೆ.

ಹಾಗೆ ಓದಿದಾಗ ತೆರೆದುಕೊಳ್ಳುವ ಪುಟಗಳಲ್ಲಿ ನನಗೆ ಬಹಳ ಹಿಡಿಸಿದ್ದು ಲೂಯಿಸಿಯಾನಾದ ಶ್ರೀವ್‌ಪೋರ್ಟ್ ನಗರದ ಪ್ರಯೋಗದ್ದು. 2012ರಲ್ಲಿ ಅಲ್ಲಿಯ ಪೊಲೀಸರು ನಗರವನ್ನು 400 ಅಡಿ ಅಳತೆಯ ಚೌಕಗಳಾಗಿ ವಿಂಗಡಿಸಿ, ಯಾವ ಚೌಕದಲ್ಲಿ ಮುಂದೆ ಕಳ್ಳತನ ನಡೆಯುವ ಸಂಭವ ಹೆಚ್ಚೆಂದು ಗಣಕದ ಲೆಕ್ಕಾಚಾರದಿಂದ ಗುರುತಿಸಿ, ಅಲ್ಲಿ ಗಸ್ತು ಹೆಚ್ಚಿಸುವ ಪ್ರಯತ್ನಕ್ಕೆ ಇಳಿದರು. ಮೂರು ಜಿಲ್ಲೆಗಳಲ್ಲಿ ಹೊಸ ವಿಧಾನ, ಮೂರರಲ್ಲಿ ಎಂದಿನ ವಿಧಾನ, ಒಟ್ಟು 29 ವಾರ. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಮೌಲ್ಯಮಾಪನದ ಪ್ರಕಾರ ಎರಡು ಗುಂಪುಗಳ ನಡುವೆ ಸಂಖ್ಯಾಶಾಸ್ತ್ರ ಒಪ್ಪುವಂಥ ವ್ಯತ್ಯಾಸ ಇರಲಿಲ್ಲ; ಆದ್ದರಿಂದ ಇಲ್ಲಿಯ ದರ್ಜೆಯೂ 'ಪರಿಣಾಮವಿಲ್ಲ'. ಇಷ್ಟನ್ನೇ ಓದಿ ಎದ್ದವರು ಅಪರಾಧ ಮುನ್ಸೂಚನೆಯ ತಂತ್ರಾಂಶವೇ ನಿಷ್ಪ್ರಯೋಜಕವೆಂದು ತೀರ್ಮಾನಿಸುತ್ತಾರೆ. ವರದಿ ಹೇಳುವುದು ಅದಕ್ಕಿಂತ ಹೆಚ್ಚು. ಯಾವ ಚೌಕಕ್ಕೆ ಎಷ್ಟು ಮಂದಿಯನ್ನು ಕಳಿಸಬೇಕು, ಅವರು ಅಲ್ಲಿ ಏನು ಮಾಡಬೇಕು ಎಂದು ಎಲ್ಲ ಅಧಿಕಾರಿಗಳು ಕೂಡಿ ತೀರ್ಮಾನಿಸಬೇಕೆಂಬ ಯೋಜನೆ ಅಂದುಕೊಂಡಂತೆ ನಡೆಯಲಿಲ್ಲ. ಜಿಲ್ಲೆಯಿಂದ ಜಿಲ್ಲೆಗೆ ಕೆಲಸದ ರೀತಿ ಬೇರೆಯಾಯಿತು, ತಿಂಗಳುಗಳು ಉರುಳಿದಂತೆ ಹುರುಪೂ ಇಳಿಯಿತು. ನಕ್ಷೆ ಕೈಗೆ ಬಂದಿತ್ತು, ಅದರ ಮೇಲೆ ಏನು ಮಾಡಬೇಕೆಂಬುದು ಮಾತ್ರ ಗಟ್ಟಿಯಾಗಿರಲಿಲ್ಲ. ಔಷಧಿ ಕೆಲಸ ಮಾಡಲಿಲ್ಲವೋ, ರೋಗಿ ಔಷಧಿಯನ್ನೇ ಸರಿಯಾಗಿ ಕುಡಿಯಲಿಲ್ಲವೋ ಎಂಬ ಎರಡು ಪ್ರಶ್ನೆಗಳಿಗೆ ಒಂದೇ ದರ್ಜೆಯಲ್ಲಿ ಉತ್ತರ ಸಿಗುವುದಿಲ್ಲ.

ಪೊಲೀಸರು ಎದೆಯ ಮೇಲೆ ಧರಿಸುವ ಬಾಡಿ ಕ್ಯಾಮೆರಾದ ವಿಷಯದಲ್ಲಿ ಈ ತೊಡಕು ಇನ್ನೂ ಎದ್ದು ಕಾಣುತ್ತದೆ. ಕ್ಯಾಲಿಫೋರ್ನಿಯಾದ ರಿಯಾಲ್ಟೊ ಎಂಬ ಪುಟ್ಟ ನಗರದಲ್ಲಿ 2012ರಿಂದ ಒಂದು ವರ್ಷ, 54 ಪೊಲೀಸರ ಪಾಳಿಗಳನ್ನು ಕ್ಯಾಮೆರಾ ಇರುವ ಪಾಳಿ, ಇಲ್ಲದ ಪಾಳಿ ಎಂದು ಹಂಚಿ ನಡೆಸಿದ ಪ್ರಯೋಗದಲ್ಲಿ, ಕ್ಯಾಮೆರಾ ಇದ್ದ ಪಾಳಿಗಳಲ್ಲಿ ಬಲಪ್ರಯೋಗ ಸುಮಾರು ಅರ್ಧದಷ್ಟಾಗಿತ್ತು. ಹಿಂದಿನ ವರ್ಷಕ್ಕೆ ಹೋಲಿಸಿದರೆ ಸಾರ್ವಜನಿಕರ ದೂರುಗಳು ಶೇ. 90ರ ಆಸುಪಾಸು ಇಳಿದಿದ್ದವು. ಜಗತ್ತಿನಾದ್ಯಂತ ಕ್ಯಾಮೆರಾ ಖರೀದಿಯ ಕಡತಗಳಲ್ಲಿ ಈ ಊರಿನ ಹೆಸರು ಕಾಣಿಸಿಕೊಳ್ಳತೊಡಗಿತು. ಹೆಸರು ಹೇಳುವುದು ಬೇಡ, ಕ್ಯಾಮೆರಾ ಮಾರುವವರೊಬ್ಬರು ಒಂದು ಸಭೆಯಲ್ಲಿ ನನ್ನ ಕೈಗಿತ್ತ ಹೊಳೆಯುವ ಕಾಗದದ ಕಿರುಹೊತ್ತಗೆಯ ಮೊದಲ ಪುಟದಲ್ಲೂ ಅದೇ ಅಂಕಿಗಳಿದ್ದವು, ಊರು ಎಷ್ಟು ಚಿಕ್ಕದೆಂಬ ಮಾತು ಮಾತ್ರ ಇರಲಿಲ್ಲ. 2017ರಲ್ಲಿ ವಾಷಿಂಗ್ಟನ್ ಡಿಸಿಯ ಅಧ್ಯಯನ ಹೊರಬಂದಿತು. ಅಲ್ಲಿ 2,224 ಪೊಲೀಸರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಿಗೆ ಹಂಚಲಾಗಿತ್ತು. ಬಲಪ್ರಯೋಗದಲ್ಲಾಗಲಿ ದೂರುಗಳಲ್ಲಾಗಲಿ ಗುರುತಿಸಬಹುದಾದ ವ್ಯತ್ಯಾಸ ಕಾಣಲಿಲ್ಲ.

ಹೀಗೆ ಪರಸ್ಪರ ಮುಖ ತಿರುಗಿಸಿ ನಿಂತ ಎರಡು ಅಧ್ಯಯನಗಳನ್ನು ಬೇರೆಬೇರೆ ಪುಟಗಳಲ್ಲಿ ಓದುವವನಿಗೆ ಸಹಜವಾಗಿ ಬರುವ ಪ್ರಶ್ನೆ, ಯಾಕೆ ಎಂಬುದು. ಅದಕ್ಕೆ ಉತ್ತರ ಹುಡುಕಿದ ಸಂಶೋಧಕರೂ ಇದ್ದಾರೆ. ಹಲವು ನಗರಗಳ ಪ್ರಯೋಗಗಳನ್ನು ಬಿಡಿಸಿ ನೋಡಿದ ಒಂದು ಅಧ್ಯಯನದಲ್ಲಿ, ಕ್ಯಾಮೆರಾವನ್ನು ಯಾವಾಗ ಚಾಲೂ ಮಾಡಬೇಕೆಂಬ ನಿಯಮವನ್ನು ಪೊಲೀಸರು ಪಾಲಿಸಿದ ಕಡೆ ಬಲಪ್ರಯೋಗ ತಗ್ಗಿದ್ದೂ, ತೀರ್ಮಾನವನ್ನು ಅವರವರ ಇಷ್ಟಕ್ಕೆ ಬಿಟ್ಟ ಕಡೆ ಹೆಚ್ಚಿದ್ದೂ ಕಂಡುಬಂದಿತು. ಅಂದರೆ ಖರೀದಿಯ ಕಡತದಲ್ಲಿ ಕ್ಯಾಮೆರಾದ ರೆಸೊಲ್ಯೂಷನ್, ಬ್ಯಾಟರಿಗಳಿಗಿಂತ ಮೊದಲು ಬರೆಯಬೇಕಾದ ಸಾಲು ಗುಂಡಿ ಒತ್ತುವ ನಿಯಮದ್ದು. ದರ್ಜೆಗಿಂತ ಹತ್ತು ಪಟ್ಟು ಉಪಯುಕ್ತವಾದ ಇಂಥ ವಿವರ ಕ್ರೈಮ್‌ಸೊಲ್ಯೂಷನ್ಸ್‌ನ ವಿನ್ಯಾಸದಲ್ಲಿ ಕೆಳಗೆ, ಉದ್ದನೆಯ ಪ್ಯಾರಾಗಳ ನಡುವೆ ಕೂರುತ್ತದೆ. ಒಬ್ಬ ಅಧಿಕಾರಿಗೆ ಹತ್ತು ನಿಮಿಷವಷ್ಟೇ ಬಿಡುವಿದೆ ಎಂದಿಟ್ಟುಕೊಂಡರೆ ಅವರು ಅಲ್ಲಿಯವರೆಗೆ ಇಳಿದು ಬರುವುದು ಅನುಮಾನ.

'ಪದ್ಧತಿ' ವಿಭಾಗ ಈ ದೋಷವನ್ನು ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತದೆ. ಹಾಟ್‌ಸ್ಪಾಟ್ ಗಸ್ತನ್ನು, ಅಂದರೆ ಅಪರಾಧ ಹೆಚ್ಚಿರುವ ಕೆಲವೇ ಜಾಗಗಳಲ್ಲಿ ನಡೆಸುವ ಗಸ್ತನ್ನು, ತೆಗೆದುಕೊಳ್ಳಿ. 1972–73ರಲ್ಲಿ ಕಾನ್ಸಾಸ್ ಸಿಟಿಯ 15 ಬೀಟ್‌ಗಳಲ್ಲಿ, ಐದರಲ್ಲಿ ಎಂದಿನ ಗಸ್ತು ಉಳಿಸಿ, ಐದರಲ್ಲಿ ಹೆಚ್ಚಿಸಿ, ಐದರಲ್ಲಿ ಕರೆ ಬಂದಾಗ ಮಾತ್ರ ಪೊಲೀಸರು ಹೋಗುವಂತೆ ಮಾಡಿದ ಪ್ರಯೋಗದಲ್ಲಿ, ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಏನೂ ವ್ಯತ್ಯಾಸವಾಗಲಿಲ್ಲ. ಗಸ್ತಿನಿಂದ ಲಾಭವಿಲ್ಲವೆಂದು ಅನೇಕರು ಕೈಚೆಲ್ಲಿದ್ದರು. ಆದರೆ 1989ರಲ್ಲಿ ಮಿನಿಯಾಪೊಲಿಸ್‌ನ ಪೊಲೀಸರಿಗೆ ಬಂದ ಕರೆಗಳನ್ನು ವಿಳಾಸವಾರು ಹರಡಿ ನೋಡಿದಾಗ, ಶೇ. 3ರಷ್ಟು ವಿಳಾಸಗಳಿಂದಲೇ ಅರ್ಧದಷ್ಟು ಕರೆಗಳು ಬರುತ್ತಿದ್ದುದು ಬೆಳಕಿಗೆ ಬಂದಿತು. ಇಡೀ ಬೀಟಿಗೆ ಗಸ್ತನ್ನು ತೆಳುವಾಗಿ ಹರಡುವ ಬದಲು ಆ ಮೂಲೆಗಳಲ್ಲೇ ನಿಲ್ಲಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. 2019ರ ಹೊತ್ತಿಗೆ ಇಂಥ 65 ಅಧ್ಯಯನಗಳ 78 ಪರೀಕ್ಷೆಗಳನ್ನು ಒಟ್ಟುಗೂಡಿಸಿದ ವಿಮರ್ಶೆಯಲ್ಲಿ 62ರಲ್ಲಿ ಅಪರಾಧ ಗಮನಾರ್ಹವಾಗಿ ಇಳಿದಿತ್ತು. ಅಪರಾಧ ಪಕ್ಕದ ಬೀದಿಗೆ ಸರಿದುಹೋಗುತ್ತದೆ ಎಂಬ ಹಳೆಯ ಆಕ್ಷೇಪಕ್ಕೂ ಹೆಚ್ಚಿನ ಆಧಾರ ಸಿಗಲಿಲ್ಲ. ಇಷ್ಟೊಂದು ಊರುಗಳ ಅನುಭವ ಬೆನ್ನಿಗಿರುವ ದರ್ಜೆಗೂ ಒಂದೇ ಊರಿನ 29 ವಾರಗಳ ದರ್ಜೆಗೂ ಒಂದೇ ಗಾತ್ರದ ಚೀಟಿ ಹಚ್ಚುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಪಕ್ಕದ ಪುಟ್ಟ ಗುರುತು ಅದಕ್ಕೆ ಸಾಲದು.

ಇದೇ ಸಂಸ್ಥೆಯ ಇನ್ನೊಂದು ಕೆಲಸವನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಪೊಲೀಸರ ಗುಂಡುನಿರೋಧಕ ಕವಚಗಳಿಗೆ 1970ರ ದಶಕದಿಂದಲೂ ಮಾನದಂಡ ರೂಪಿಸುತ್ತಿರುವುದು ಇದೇ ಸಂಸ್ಥೆ. ಡ್ಯುಪಾಂಟ್ ಕಂಪನಿಯ ಸ್ಟೆಫನಿ ಕ್ವಾಲೆಕ್ 1965ರಲ್ಲಿ ಕಂಡುಹಿಡಿದ ನೂಲು ಮುಂದೆ ಕೆವ್ಲಾರ್ ಎಂದು ಹೆಸರಾಗಿ, ಟೈರಿಗಾಗಿ ಉದ್ದೇಶಿಸಿದ್ದ ಅದನ್ನು ಮೈಮೇಲಿನ ಕವಚಕ್ಕೆ ಬಳಸಬಹುದೆಂದು ಹೊಳೆದದ್ದು ಈ ಸಂಸ್ಥೆಯಲ್ಲಿದ್ದ ಲೆಸ್ಟರ್ ಶೂಬಿನ್ ಅವರಿಗೆ. ಅದರ ಪರೀಕ್ಷೆ ನೋಡಲು ಸರಳ: ಕವಚವನ್ನು ಮೆತ್ತನೆಯ ಜೇಡಿಯ ಹಲಗೆಯ ಮೇಲೆ ಕಟ್ಟಿ ಗುಂಡು ಹಾರಿಸುತ್ತಾರೆ, ಗುಂಡು ತೂರಬಾರದು, ಹಿಂದಿನ ಜೇಡಿಯಲ್ಲಿ ಬಿದ್ದ ಕುಳಿ 44 ಮಿಲಿಮೀಟರ್ ಮೀರಬಾರದು. ಗುಂಡಿಗೆ ಒಮಾಹಾ ಯಾವುದು, ಮಿಲ್ವಾಕಿ ಯಾವುದು ಎಂಬ ಭೇದವಿಲ್ಲ, ಆದ್ದರಿಂದ ಇಲ್ಲಿ ಪಾಸು-ಫೇಲಿನ ಮುದ್ರೆ ನಿಜಕ್ಕೂ ಅರ್ಥಪೂರ್ಣ. ಆದರೆ ಅಲ್ಲೂ ಮುದ್ರೆ ಸದಾಕಾಲಕ್ಕೆ ಬಾಳಲಿಲ್ಲ. ಜೈಲಾನ್ ಎಂಬ ಹೊಸ ನೂಲಿನ ಕವಚಗಳು ಹೊಸದಿದ್ದಾಗ ಪರೀಕ್ಷೆ ಗೆದ್ದಿದ್ದವು. 2003ರಲ್ಲಿ ಪೆನ್ಸಿಲ್ವೇನಿಯಾದ ಫಾರೆಸ್ಟ್ ಹಿಲ್ಸ್‌ನಲ್ಲಿ ಅಂಥ ಕವಚ ತೊಟ್ಟಿದ್ದ ಪೊಲೀಸ್ ಅಧಿಕಾರಿಗೆ, ತಡೆಯಬೇಕಾಗಿದ್ದ ಗುಂಡೇ ಒಳಹೊಕ್ಕು ಗಾಯವಾಯಿತು. ತೇವ, ಶಾಖಗಳಿಗೆ ಆ ನೂಲು ಸವೆಯುತ್ತದೆ ಎಂಬುದು ತನಿಖೆಯಿಂದ ತಿಳಿದ ಮೇಲೆ 2005ರಲ್ಲಿ ಸಂಸ್ಥೆ ಅಂಥ ಕವಚಗಳಿಗೆ ಕೊಟ್ಟಿದ್ದ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಬರೀ ಬಟ್ಟೆಯ ಮೇಲಿನ ಮುದ್ರೆಗೇ ಈ ಗತಿ ಎಂದಾದರೆ, ಮನುಷ್ಯರು, ಠಾಣೆಗಳು, ನ್ಯಾಯಾಲಯಗಳು ಸೇರಿ ನಡೆಸುವ ಕಾರ್ಯಕ್ರಮದ ಮೇಲಿನ ಮುದ್ರೆಯಿಂದ ಎಷ್ಟು ಬಾಳಿಕೆ ನಿರೀಕ್ಷಿಸಬಹುದು?

ಇದೇ ಬಗೆಯ ಬೇರೆ ಸೇವೆಗಳನ್ನೂ ನಾನು ಬಳಸಿದ್ದೇನೆ. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಆರಂಭವಾದ ಬ್ಲೂಪ್ರಿಂಟ್ಸ್ ಮುಖ್ಯವಾಗಿ ಮಕ್ಕಳು ಮತ್ತು ಯುವಜನರ ಕಾರ್ಯಕ್ರಮಗಳನ್ನು ನೋಡುವಂಥದ್ದು, ಅದರ ಜರಡಿ ಬಹಳ ಬಿಗಿ. ಮೇಲಿನ ದರ್ಜೆ ಸಿಗಬೇಕಾದರೆ ಒಂದೇ ಅಧ್ಯಯನ ಸಾಲದು. ಪರಿಣಾಮ ಕಾರ್ಯಕ್ರಮ ಮುಗಿದ ಮೇಲೂ ಕನಿಷ್ಠ ಹನ್ನೆರಡು ತಿಂಗಳು ಉಳಿದಿರಬೇಕು. ಹಾಗಾಗಿ ಅಲ್ಲಿ ಪಟ್ಟಿ ಚಿಕ್ಕದು, ನಂಬಿಕೆ ಹೆಚ್ಚು. ಆದರೆ ಗಸ್ತು, ಕ್ಯಾಮೆರಾ, ಪ್ರೊಬೇಷನ್‌ಗಳ ಬಗ್ಗೆ ಹುಡುಕುವವರಿಗೆ ಅದು ಹೆಚ್ಚು ಉಪಯೋಗಕ್ಕೆ ಬಾರದು. ಬ್ರಿಟನ್‌ನ ಕಾಲೇಜ್ ಆಫ್ ಪೊಲೀಸಿಂಗ್ ನಡೆಸುವ ಅಪರಾಧ ತಗ್ಗಿಸುವಿಕೆಯ ಟೂಲ್‌ಕಿಟ್ ನನಗೆ ಇವೆರಡಕ್ಕಿಂತ ಹೆಚ್ಚು ಒಪ್ಪಿಗೆಯಾದದ್ದು. ಅಲ್ಲಿ ಒಂದೊಂದು ಕ್ರಮಕ್ಕೂ ಐದು ಪ್ರಶ್ನೆಗಳನ್ನು ಕೇಳುತ್ತಾರೆ: ಪರಿಣಾಮ ಎಷ್ಟು, ಅದು ಯಾವ ಬಗೆಯಲ್ಲಿ ಕೆಲಸ ಮಾಡುತ್ತದೆ, ಎಂಥ ಕಡೆ ಹೆಚ್ಚು ಫಲಿಸುತ್ತದೆ, ಜಾರಿಗೆ ತರುವಾಗ ಏನೇನು ಬೇಕು, ಖರ್ಚೆಷ್ಟು. ಸಿಸಿಟಿವಿ ಕ್ಯಾಮೆರಾವನ್ನು ಉದಾಹರಣೆಗೆ ತೆಗೆದುಕೊಂಡರೆ, ವಾಹನ ನಿಲುಗಡೆ ಜಾಗಗಳಲ್ಲಿ ಅದು ಚೆನ್ನಾಗಿ ಫಲಿಸುತ್ತದೆ, ಹೊಡೆದಾಟದಂಥ ಹಿಂಸೆಯ ಅಪರಾಧಗಳ ಮೇಲೆ ಅದರ ಪ್ರಭಾವ ಅಷ್ಟಕ್ಕಷ್ಟೆ ಎಂಬ ಭೇದ ಅಲ್ಲಿ ಮೊದಲ ನೋಟಕ್ಕೇ ಸಿಗುತ್ತದೆ. ಕ್ರಮಗಳ ಸಂಖ್ಯೆಯಲ್ಲಿ ಮಾತ್ರ ಅದು ಕ್ರೈಮ್‌ಸೊಲ್ಯೂಷನ್ಸ್‌ನ ಹತ್ತಿರಕ್ಕೂ ಬರುವುದಿಲ್ಲ.

ಬಳಕೆಯ ಅನುಕೂಲದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ವಿಷಯ, ವಯಸ್ಸು, ಸ್ಥಳದ ಬಗೆ, ದರ್ಜೆ ಮುಂತಾದವುಗಳಿಂದ ಪಟ್ಟಿಯನ್ನು ಸೋಸಬಹುದು. ನೋಂದಣಿ ಬೇಡ, ಶುಲ್ಕವಿಲ್ಲ. ಪುಟದ ಕೊನೆಗೆ ಖರ್ಚಿನ ವಿವರ ಮತ್ತು ಜಾರಿಯ ವಿವರ ಎಂಬ ಎರಡು ಭಾಗಗಳಿವೆ. ಮೂಲ ಸಂಶೋಧಕರು ಕೊಟ್ಟಿದ್ದರೆ ಮಾತ್ರ ಅಲ್ಲಿ ಮಾಹಿತಿ ಇರುವುದರಿಂದ, ಅವು ಖಾಲಿಯಾಗಿರುವ ಪುಟಗಳಿಗೇನೂ ಕೊರತೆಯಿಲ್ಲ. ಬರವಣಿಗೆ ಶುಷ್ಕವಾಗಿದೆ, ಆದರೆ ಎಲ್ಲೂ ಉತ್ಪ್ರೇಕ್ಷೆಯಿಲ್ಲ; ಮಾರಾಟಗಾರರ ಕಿರುಹೊತ್ತಗೆ ಓದಿ ಬಂದವರಿಗೆ ಆ ಶುಷ್ಕತೆಯೇ ಹಿತವೆನಿಸುತ್ತದೆ. ಹೆಚ್ಚಿನ ಅಧ್ಯಯನಗಳು ಅಮೆರಿಕದ ನಗರಗಳವು ಎಂಬುದನ್ನು ಬೇರೆ ದೇಶಗಳ ಓದುಗರು ಒಂದು ಕ್ಷಣವೂ ಮರೆಯಬಾರದು. ಬಂದೂಕು ಸುಲಭವಾಗಿ ಸಿಗುವ, ಸಾವಿರಾರು ಸ್ವತಂತ್ರ ಪೊಲೀಸ್ ಇಲಾಖೆಗಳಿರುವ ದೇಶದ ಉತ್ತರಗಳು ಅವು.

ಯಾರಿಗೆ ಇದನ್ನು ಶಿಫಾರಸು ಮಾಡಬಹುದು ಎಂದು ಕೇಳಿದರೆ, ಪೊಲೀಸ್ ತರಬೇತಿ ಕೊಡುವವರಿಗೆ, ಕಾನೂನು ಮತ್ತು ಸಮಾಜಶಾಸ್ತ್ರದ ವಿದ್ಯಾರ್ಥಿಗಳಿಗೆ, ತಂತ್ರಜ್ಞಾನ ಖರೀದಿಗೆ ಸಹಿ ಹಾಕುವ ಅಧಿಕಾರಿಗಳಿಗೆ ನಿಸ್ಸಂಕೋಚವಾಗಿ ಹೇಳುತ್ತೇನೆ. ಪತ್ರಕರ್ತರಿಗೆ ಹೇಳುವಾಗ ಸ್ವಲ್ಪ ಅಳುಕುತ್ತೇನೆ, ದರ್ಜೆ ತಲೆಬರಹಕ್ಕೆ ಬಹಳ ಸುಲಭವಾಗಿ ಹೊಂದಿಬಿಡುತ್ತದೆ. ನಾನಂತೂ ಈಗ ಪುಟವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ: ಮೊದಲು ಅಧ್ಯಯನ ನಡೆದ ಊರು ಮತ್ತು ವರ್ಷ, ಆಮೇಲೆ ಎಷ್ಟು ಜನರ ಮೇಲೆ, ಆಮೇಲೆ ಅಂದುಕೊಂಡಂತೆ ನಡೆಸಿದರೇ ಇಲ್ಲವೇ, ಕೊನೆಗೆ ದರ್ಜೆ. ಹವಾಯಿಯ ಟಿಪ್ಪಣಿಯ ಎರಡನೆಯ ಕರಡಿನಲ್ಲಿ 'ಸಾಬೀತಾದ ಕ್ರಮ' ಎಂದಿದ್ದ ಜಾಗದಲ್ಲಿ ಐದು ರಾಜ್ಯಗಳ ಹೆಸರಿರುವ ಉದ್ದನೆಯ ವಾಕ್ಯವೊಂದು ಬಂದು ಕೂತಿತು. ಪೆನ್ಸಿಲಿನ ಸಹೋದ್ಯೋಗಿ ಈ ಸಲ ಅಂಚಿನಲ್ಲಿ ಏನೂ ಗೀಚದೆ ಕಳಿಸಿದರು.